ನೆಪವಿಲ್ಲದ ಕೂಟ

ಗಂಡಸರು ನಾಲ್ವರು ಒಂದೆಡೆ ಕುಳಿತು ಹರಟುವುದಕ್ಕೆ ಕಾರಣ ಬೇಕಾಗಿಲ್ಲ. ಹೋಟೆಲಿನ ಬೆಂಚು, ಸೊಸೈಟಿಯ ಜಗಲಿ, ಬಸ್ಸು ನಿಲ್ಲುವ ಅರಳಿಕಟ್ಟೆ, ಎಲ್ಲಿ ಕುಳಿತರೂ ಅದು ಅವರ ಸಭೆಯೇ ಸರಿ. ಏಕೆ ಕುಳಿತಿರೆಂದು ಯಾರೂ ಕೇಳರು. ಅದೇ ನಾಲ್ವರು ಹೆಂಗಸರು ಒಂದು ಮಧ್ಯಾಹ್ನ ಸೇರಿದರೆನ್ನಿ, "ಏನು ವಿಶೇಷ?" ಎಂಬ ಪ್ರಶ್ನೆ ಹೊಸಿಲು ದಾಟುವುದರೊಳಗಾಗಿ ಎದುರು ನಿಲ್ಲುತ್ತದೆ. ವಿಶೇಷವೇನೂ ಇಲ್ಲ, ಸುಮ್ಮನೆ ಎಂದು ಅಳುಕದೆ ಹೇಳಲು ನಮ್ಮಲ್ಲಿ ಹೆಚ್ಚಿನವರಿಗೆ ಐವತ್ತು ವರ್ಷ ತುಂಬಬೇಕಾಯಿತು.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯವರಿಗೆ ಈ ಮಾತು ಇನ್ನೂ ಚೆನ್ನಾಗಿ ಅರ್ಥವಾದೀತು. ಬಯಲುಸೀಮೆಯ ಊರುಗಳಂತೆ ಇಲ್ಲಿ ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಟಿದವರು ಕಡಮೆ. ತೋಟಕ್ಕೊಂದು ಮನೆ, ಮನೆಗೊಂದು ಗುಡ್ಡ. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡದೆ ಸುರಿಯುವಾಗ ಒಂದೊಂದು ಮನೆಯೂ ಒಂದೊಂದು ದ್ವೀಪ. ಅಂಥಲ್ಲಿ ಹೆಣ್ಣಿಗೆ ಹೆಣ್ಣಿನ ಮುಖ ಕಾಣಿಸುತ್ತಿದ್ದುದು ಯಾವುದಾದರೊಂದು ನೆಪದಿಂದಲೇ.

ಆ ನೆಪಗಳಲ್ಲಿ ಬಲು ದೊಡ್ಡದು ಅಡಿಕೆ ಸುಲಿತ. ನಮ್ಮ ಕಡೆಯ ಕೆಂಪಡಿಕೆಗೆ ಕಾಯಿಯನ್ನು ಹಣ್ಣಾಗುವ ಮೊದಲೇ ಕೊಯ್ಯಬೇಕು. ಕೊಯ್ದದ್ದನ್ನು ಬಹಳ ಹೊತ್ತು ಇಡುವಂತಿಲ್ಲ. ಸುಲಿದು, ಹಂಡೆಯಲ್ಲಿ ಬೇಯಿಸಿ, ಚೊಗರು ಕೊಟ್ಟು, ಬಿಸಿಲಿಗೆ ಹರವಬೇಕು. ಆದ್ದರಿಂದ ಕೊನೆಕೊಯ್ಲು ಮುಗಿದ ರಾತ್ರಿಯೇ ಅಂಗಳದ ಚಪ್ಪರದಡಿ ಮೆಟ್ಟುಗತ್ತಿಗಳು ಸಾಲಾಗಿ ಕೂರುತ್ತಿದ್ದವು. ಮನೆಯವರು, ನೆರೆಯವರು, ಕೂಲಿಗೆ ಬಂದವರು ಎಲ್ಲರೂ ಒಂದೇ ದೀಪದ ಸುತ್ತ. ಕೈ ತನ್ನ ಪಾಡಿಗೆ ಸುಲಿಯುತ್ತಿತ್ತು, ಬಾಯಿ ತನ್ನ ಪಾಡಿಗೆ ಊರ ಸುದ್ದಿಯನ್ನೆಲ್ಲ ಸುಲಿಯುತ್ತಿತ್ತು. ಇದನ್ನು ಬರಿಯ ಸಂಭ್ರಮವೆಂದು ಬಣ್ಣಿಸಲು ನನಗೆ ಮನಸ್ಸಿಲ್ಲ. ಬೆರಳು ಕೊಯ್ದುಕೊಂಡವರು, ಚೊಗರಿನ ಕಪ್ಪು ತಿಂಗಳುಗಟ್ಟಲೆ ಕೈಬಿಡದವರು, ಸುಲಿದ ಡಬ್ಬದ ಲೆಕ್ಕಕ್ಕೆ ಕೂಲಿ ಎಣಿಸಿಕೊಂಡು ನಿದ್ದೆಗೆಟ್ಟು ಮನೆಗೆ ನಡೆದವರು ಅಲ್ಲಿದ್ದರು. ಆದರೂ ಆ ರಾತ್ರಿಗಳಲ್ಲಿ ಒಂದು ಗುಣವಿತ್ತು: ಮುತ್ತೈದೆ, ವಿಧವೆ, ಮದುವೆಯಾಗದವಳು ಎಂಬ ಭೇದವನ್ನು ಮೆಟ್ಟುಗತ್ತಿ ಕೇಳುತ್ತಿರಲಿಲ್ಲ.

ಈಗ ಸುಲಿಯುವ ಯಂತ್ರಗಳು ಬಂದಿವೆ. ಬಂದದ್ದು ಒಳ್ಳೆಯದೇ. ಆದರೆ ಯಂತ್ರದ ಸದ್ದಿನಲ್ಲಿ ಮಾತು ಕೇಳಿಸದು.

ಉಳಿದ ನೆಪವೆಂದರೆ ಅರಿಸಿನ ಕುಂಕುಮ. ಶ್ರಾವಣದ ಶುಕ್ರವಾರ, ಗೌರಿಹಬ್ಬ, ನವರಾತ್ರಿಯ ಸಂಜೆ, ಇವೆಲ್ಲ ಚೆಲುವಾದ ಕೂಟಗಳೇ. ಆದರೆ ಅಲ್ಲಿ ಬಾಗಿಲು ಎಲ್ಲರಿಗೂ ತೆರೆಯದು. ನಮ್ಮದು ಸಾಗರದಲ್ಲಿ ಒಟ್ಟಿಗೆ ಹೈಸ್ಕೂಲು ಓದಿದ ಏಳು ಜನರ ಗುಂಪು. ಅವರಲ್ಲೊಬ್ಬಳು ನಲವತ್ತೆಂಟರಲ್ಲಿ ಗಂಡನನ್ನು ಕಳೆದುಕೊಂಡಳು. ಆ ವರ್ಷದ ಶ್ರಾವಣದಲ್ಲಿ ಆಕೆಯ ಬೀದಿಯ ಹತ್ತು ಮನೆಗಳಿಂದ ಒಂದು ಕರೆಯೂ ಬರಲಿಲ್ಲ. ಯಾರೂ ಕೆಟ್ಟವರಲ್ಲ, ಕರೆದರೆ ಆಕೆಗೆ ನೋವಾದೀತೆಂದು ಎಲ್ಲರೂ ಯೋಚಿಸಿದರಂತೆ! ಇಪ್ಪತ್ತು ವರ್ಷ ಪ್ರತಿ ಶುಕ್ರವಾರವೂ ಯಾರಾದರೊಬ್ಬರ ಮನೆಯಲ್ಲಿ ಕೋಸಂಬರಿ ತಿಂದಿದ್ದವಳು ಹೀಗೆ ಒಂದು ಸಂಜೆ ಒಬ್ಬಳೇ ಉಳಿದಳು. ನಮ್ಮ ತಿಂಗಳ ಕೂಟ ಹುಟ್ಟಿದ್ದು ಅಂದಿನಿಂದ. ಪೂಜೆಯಿಲ್ಲ, ವ್ರತವಿಲ್ಲ, ಬಾಗಿನವಿಲ್ಲ. ಎರಡನೆಯ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಒಬ್ಬರ ಮನೆಯಲ್ಲಿ ಸೇರುವುದು, ಅಷ್ಟೆ. ಮೊದಲು ಬಂದು ಕೂರುವವಳು ಆಕೆಯೇ.

ಇದೇನು ಹೊಸ ನೋವಲ್ಲ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರು ಬಾಲವಿಧವೆಯೊಬ್ಬಳ ದೀರ್ಘ ಬಾಳನ್ನು 'ಫಣಿಯಮ್ಮ'ದಲ್ಲಿ ಬರೆದು ನಾಡಿನ ಕಣ್ಣು ತೇವ ಮಾಡಿದವರು; ಪುಸ್ತಕ ಬಂದದ್ದು 1976ರಲ್ಲಿ, ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಸಿದ್ದು 1983ರಲ್ಲಿ. ಇಂದಿರಾ ಅವರ ವಿಷಯದಲ್ಲಿ ನನಗೆ ಬಲು ಪ್ರಿಯವಾದ ಸಂಗತಿ ಬೇರೊಂದಿದೆ. ಏಳು ವರ್ಷದ ಶಾಲೆ, ಹನ್ನೆರಡನೆಯ ವಯಸ್ಸಿಗೆ ಮದುವೆ. ಕಾದಂಬರಿ ಬರೆಯತೊಡಗಿದಾಗ ವಯಸ್ಸು ನಲವತ್ತೈದು. ಮಂಡ್ಯದಲ್ಲಿದ್ದಾಗ ಅವರಿಗೆ ತ್ರಿವೇಣಿಯವರ ಪರಿಚಯವಾಯಿತು. ತಮಗಿಂತ ಹನ್ನೊಂದು ವರ್ಷ ಕಿರಿಯರಾದ ಆ ಲೇಖಕಿ ಇವರ ಬರಹವನ್ನು ನೋಡಿ, ಇದನ್ನು ಪ್ರಕಟಿಸಲೇಬೇಕೆಂದು ಒತ್ತಾಯಿಸಿದರು. 'ತುಂಗಭದ್ರ' 1963ರಲ್ಲಿ ಬೆಳಕು ಕಂಡಿತು; ಅದೇ ವರ್ಷ ತ್ರಿವೇಣಿ ತೀರಿಕೊಂಡರು. ನಡುವಯಸ್ಸಿನ ಗೃಹಿಣಿಯ ಬರಹವನ್ನು ಮತ್ತೊಬ್ಬ ಹೆಣ್ಣು ಕುಳಿತು ಓದದಿದ್ದರೆ ಆ ಕಾಗದಗಳು ಎಲ್ಲಿರುತ್ತಿದ್ದವೋ ಯಾರು ಬಲ್ಲರು?

ನಮ್ಮ ಕೂಟದಲ್ಲಿ ಕಾದಂಬರಿ ಬರೆಯುವವರು ಯಾರೂ ಇಲ್ಲ. ಓದುವವರುಂಟು, ವಾರಪತ್ರಿಕೆಯ ಧಾರಾವಾಹಿಯ ನಾಯಕಿಗೆ ನಮ್ಮಷ್ಟು ಬುದ್ಧಿವಾದ ಹೇಳಿದವರು ಬೇರಾರೂ ಇರಲಾರರು. ಉಳಿದಂತೆ ಮಾತು ಎಲ್ಲೆಂದರಲ್ಲಿ ಹರಿಯುತ್ತದೆ: ತೋಟಕ್ಕೆ ಬಿದ್ದ ಎಲೆಚುಕ್ಕಿ ರೋಗ, ಹಾಸಿಗೆ ಹಿಡಿದ ಅತ್ತೆ, ಬೆಂಗಳೂರಿನ ಮಗ, ಮಂಡಿನೋವು. ಹೆಣ್ಣಿನ ಶರೀರ ಒಂದು ಘಟ್ಟವನ್ನು ದಾಟುವ ಈ ಕಾಲದಲ್ಲಿ ನಡುರಾತ್ರಿ ಬೆವರಿ ಏಳುವುದು, ಕಾರಣವಿಲ್ಲದೆ ಕಣ್ಣು ತುಂಬುವುದು ತನಗೊಬ್ಬಳಿಗೇ ಎಂದು ಹೆದರಿದ್ದ ಗೆಳತಿ, ಇನ್ನೂ ಮೂವರು ತಲೆಯಾಡಿಸಿದ್ದನ್ನು ಕಂಡು ನಕ್ಕುಬಿಟ್ಟಳು. ಆಕೆ ಡಾಕ್ಟರರ ಬಳಿಗೆ ಹೋದದ್ದು ಆ ನಗುವಿನ ಮರುದಿನ.

ಕೆಲವು ನಿಯಮಗಳುಂಟು. ತಿಂಡಿ ಒಂದೇ ಬಗೆ, ಜೊತೆಗೆ ಕಾಫಿ. ಎರಡನೆಯದನ್ನು ಮಾಡಿದವಳು ಮುಂದಿನ ತಿಂಗಳೂ ತಾನೇ ಮಾಡಬೇಕೆಂಬ ದಂಡ. ಪಟ್ಟಣಗಳ ಕಿಟಿ ಪಾರ್ಟಿಗಳು ಸೀರೆ ಮತ್ತು ಸಿಹಿತಿಂಡಿಯ ಪಂದ್ಯವಾಗಿ ಹೋದದ್ದನ್ನು ಕಂಡು ಈ ಎಚ್ಚರ. ತೊಡದೇವು ಮಾಡಿದವಳಿಗೆ ಮಾತ್ರ ಸರ್ವಾಪರಾಧ ಕ್ಷಮೆ! ತಿಂಗಳಿಗೊಂದಿಷ್ಟು ಹಣ ಕೂಡಿಸಿ ಚೀಟಿಯನ್ನೂ ನಡೆಸುತ್ತೇವೆ. ಜಪಾನಿನ ಒಕಿನಾವಾ ದ್ವೀಪದಲ್ಲೂ ಹೀಗೆಯೇ ಗೆಳೆಯರು ಸಣ್ಣ ಗುಂಪು ಕಟ್ಟಿ, ಹಣ ಸೇರಿಸಿ, ತಪ್ಪದೆ ಸೇರುತ್ತಾರಂತೆ. ಅದನ್ನು ಅಲ್ಲಿ ಮೊಆಯಿ ಎನ್ನುತ್ತಾರೆ. ದೀರ್ಘಾಯುಷಿಗಳ ನಾಡೆಂದು ಹೆಸರಾದ ಆ ದ್ವೀಪದವರ ಆಯುಷ್ಯಕ್ಕೆ ಇದೂ ಒಂದು ಕಾರಣವೆಂದು ಬಲ್ಲವರು ಹೇಳುವುದುಂಟು.

ಎಲ್ಲಕ್ಕಿಂತ ಮುಖ್ಯವಾದದ್ದು ದಿನ ಬದಲಿಸಬಾರದೆಂಬ ನಿಯಮ. "ಅನುಕೂಲ ನೋಡಿಕೊಂಡು ಸೇರೋಣ" ಎಂದರೆ ಮುಗಿಯಿತು. ಮನೆವಾರ್ತೆಯಲ್ಲಿ ಹೆಣ್ಣಿಗೆ ಅನುಕೂಲವಾದ ದಿನವೊಂದು ಪಂಚಾಂಗದಲ್ಲಿಯೇ ಇಲ್ಲ. ಮೊದಮೊದಲು ಮನೆಗಳಲ್ಲಿ ಗೊಣಗಾಟವಿತ್ತು. ಈಗ ನನ್ನ ಯಜಮಾನರೇ ನೆಂಟರಿಗೆ, "ಆ ಶನಿವಾರ ಬೇಡ, ಊಟಕ್ಕೆ ನಾನೊಬ್ಬನೇ ಇರುತ್ತೇನೆ" ಎಂದು ಫೋನಿನಲ್ಲಿ ಹೇಳುತ್ತಾರೆ.

ಈ ನಿಯಮವನ್ನು ಪಾಲಿಸಲು ಹೆಚ್ಚು ಕಷ್ಟಪಟ್ಟವಳು ತುಮರಿಯ ಕಡೆಗೆ ಮದುವೆಯಾಗಿ ಹೋದ ಗೆಳತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ನಿಂತಾಗ ಆ ಭಾಗದ ಊರುಗಳು ಸಾಗರದಿಂದ ಕಡಿದುಹೋದವು. ಅಲ್ಲಿಂದಾಚೆಗೆ ಅವರಿಗೆ ಲಾಂಚೇ ಗತಿ. ಆಕೆ ನಮ್ಮ ನಡುವೆ ಕುಳಿತಿದ್ದರೂ ಒಂದು ಕಣ್ಣು ಗಡಿಯಾರದ ಮೇಲೆ. ಸಂಜೆಯ ಕಡೆಯ ಲಾಂಚು ತಪ್ಪಿದರೆ ಮನೆಯಿಲ್ಲ. ಎಷ್ಟೋ ಮಾತುಗಳು ಅರ್ಧಕ್ಕೇ ನಿಂತು ಒಂದು ತಿಂಗಳು ಕಾದದ್ದುಂಟು. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ, ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ ತೆರೆಯಿತು. ಅದರ ಮರುತಿಂಗಳು ಆಕೆ ದೀಪ ಹಚ್ಚುವ ಹೊತ್ತಿನವರೆಗೂ ಕುಳಿತು, ಎರಡನೆಯ ಕಾಫಿ ಕೇಳಿ ಕುಡಿದಳು.

ಮುಂದಿನ ಕೂಟ ಆಕೆಯ ಮನೆಯಲ್ಲಿ. ಭರಣಿಯಲ್ಲಿ ಅಪ್ಪೆಮಿಡಿ ಇದೆ, ಹಲಸಿನ ಹಪ್ಪಳ ಕರಿಯುತ್ತೇನೆ ಎಂದು ಈಗಾಗಲೇ ಎರಡು ಬಾರಿ ಫೋನು ಮಾಡಿದ್ದಾಳೆ. ಇಷ್ಟು ವರ್ಷದ ಗೆಳೆತನದಲ್ಲಿ ನಮ್ಮಲ್ಲಿ ನಾಲ್ವರು ಆ ಮನೆಯ ಅಂಗಳವನ್ನು ಇನ್ನೂ ಕಂಡಿಲ್ಲ.