ಸೆಕೆಗಾಲಕ್ಕೆ ಹಳೆಯ ಮುಂಡು

ಬಯಲುಸೀಮೆಯಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟಿದ ಮೇಲೆ ಹವಾಮಾನ ಇಲಾಖೆ ಬಿಸಿಗಾಳಿಯ ಲೆಕ್ಕ ಹಾಕುತ್ತದೆ. ಕರಾವಳಿಗೆ 37 ಸಾಕು. ನಮ್ಮ ಸೆಕೆಯ ಜಾತಿಯೇ ಬೇರೆ. ಏಪ್ರಿಲ್‌ನ ಬಂಟ್ವಾಳದಲ್ಲಿ ಬೆವರು ಧಾರಾಳ ಬರುತ್ತದೆ, ಆದರೆ ಆರುವುದಿಲ್ಲ. ದೊಡ್ಡವರು ಬೈರಾಸಿನಲ್ಲಿ ಒರೆಸಿಕೊಂಡು ಫ್ಯಾನಿನ ಕೆಳಗೆ ಕೂರುತ್ತೇವೆ. ಮೂರು ತಿಂಗಳ ಮಗುವಿನ ಸೊಂಟಕ್ಕೆ ಮಾತ್ರ ದಪ್ಪ ಡೈಪರ್ ಬಿಗಿದು, ಅದು ಯಾಕೆ ಅಳುತ್ತಿದೆ ಎಂದು ಕೇಳುತ್ತೇವೆ.

ಎಳೆಯ ಮಕ್ಕಳ ಬೆವರುನಾಳಗಳು ಇನ್ನೂ ಬಲಿತಿರುವುದಿಲ್ಲ. ಅವು ಕಟ್ಟಿಕೊಂಡರೆ ಬೆವರು ಚರ್ಮದೊಳಗೇ ಉಳಿದು ಬೆವರುಸಾಲೆ ಏಳುತ್ತದೆ. ಗಾಳಿಯಾಡುವ ಹೊರಪದರದ ಡೈಪರುಗಳೂ ಮೂಡುಬಿದಿರೆಯ ಅಂಗಡಿಗಳಲ್ಲಿ ಸಿಗುತ್ತವೆ, ನಿಜ. ಆದರೂ ಸೊಂಟ, ತೊಡೆಸಂದಿನ ಇಲಾಸ್ಟಿಕ್ ಅಲ್ಲೇ ಇರುತ್ತದಲ್ಲ? ಅಜ್ಜನ ಹಳೆಯ ಮುಂಡನ್ನು ಹರಿದು ಮೂರು ಮೂಲೆ ಮಡಚಿ ಕಟ್ಟಿದರೆ ಅದು ಹಗುರ, ನೂರಾರು ಸಲ ಒಗೆದು ಮೆತ್ತಗಾದ ಹತ್ತಿ. ಈ ಸೆಕೆಗೆ ಅದೇ ಸರಿ ಎಂಬುದು ನನ್ನ ವಾದ.

ಇದಕ್ಕೊಂದು ಷರತ್ತುಂಟು. ಒದ್ದೆ ಬಟ್ಟೆಯನ್ನು ಹಾಗೆಯೇ ಬಿಟ್ಟರೆ ಅದು ಡೈಪರಿಗಿಂತ ಕೆಟ್ಟದ್ದು. ಡೈಪರಿನೊಳಗಿನ ಹೀರುಪುಡಿ ಮೂತ್ರವನ್ನು ಚರ್ಮದಿಂದ ದೂರ ಎಳೆದಿಟ್ಟುಕೊಳ್ಳುತ್ತದೆ. ಬಟ್ಟೆಗೆ ಆ ಶಕ್ತಿಯಿಲ್ಲ. ಮೂತ್ರದಿಂದ ಹುಟ್ಟುವ ಅಮೋನಿಯ ಮತ್ತು ಮಲದ ಕಿಣ್ವಗಳು ಸೇರಿದರೆ ಚರ್ಮ ಕೆಂಪಾಗಿ ಸುಲಿಯುತ್ತದೆ. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಚಡ್ಡಿ ಏರಿಸಿದರಂತೂ ಇದ್ದ ಒಂದು ಲಾಭವೂ ಹೋಯಿತು. ಬಟ್ಟೆ ಕಟ್ಟುವುದೆಂದರೆ ಒದ್ದೆಯಾದ ಕೂಡಲೇ ಬಿಚ್ಚುವುದು. ದಿನಕ್ಕೆ ಹತ್ತು ಸಲವಾದರೂ ಸರಿ.

ಆ ಹತ್ತು ಬಟ್ಟೆ ಒಗೆಯುವವರು ಯಾರು? ವಾದ ತೊಡಕಾಗುವುದು ಇಲ್ಲಿ. ಬಂಟ್ವಾಳ, ಬೆಳ್ತಂಗಡಿಯ ಎಷ್ಟೋ ಮನೆಗಳಲ್ಲಿ ತಾಯಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಬೀಡಿ ಕಟ್ಟುತ್ತಾಳೆ. ಅವಳ ಒಂದು ತಾಸು ಎಂದರೆ ಕೂಲಿ. ಅವಳು ಡೈಪರ್ ಕೊಂಡರೆ ಸೋಮಾರಿ ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ‘ಹಿಂದಿನವರು ಬಟ್ಟೆಯಲ್ಲೇ ಮಕ್ಕಳನ್ನು ಸಾಕಲಿಲ್ಲವೇ’ ಎನ್ನುವ ಗಂಡಸರು ಆ ಬಟ್ಟೆ ಒಗೆದವರಲ್ಲ. ಬಟ್ಟೆ ಬೇಕು ಎನ್ನುವ ಅಪ್ಪ ಬಾವಿಕಟ್ಟೆಯ ಬಳಿ ಬಕೆಟ್ ಹಿಡಿದು ಕೂರಲಿ. ಅಷ್ಟು ಮಾಡದೆ ಈ ಮಾತೆತ್ತುವ ಹಕ್ಕು ಅವನಿಗಿಲ್ಲ.

ನೀರಿನ ಪ್ರಶ್ನೆಯೂ ಸಣ್ಣದಲ್ಲ. ಮೇ ತಿಂಗಳಲ್ಲಿ ನೇತ್ರಾವತಿ ಬತ್ತಿ ತುಂಬೆ ಅಣೆಕಟ್ಟಿನ ಮಟ್ಟ ಇಳಿದ ವರ್ಷಗಳನ್ನು ಕಂಡಿದ್ದೇವೆ. ಆದರೆ ಬಿಸಾಡಿದ ಡೈಪರೂ ಲೆಕ್ಕಕ್ಕೆ ಬರಬೇಕು. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಮಂದಾರದ ಮನೆ, ತೋಟಗಳ ಮೇಲೆ ಜರಿದದ್ದನ್ನು ನೋಡಿದವರಿಗೆ ‘ಎಸೆಯುವುದು’ ಎಂಬ ಮಾತು ಹಗುರವಾಗಿ ಕೇಳಿಸದು. 2008ರ ಬ್ರಿಟನ್ ಸರಕಾರಿ ಅಧ್ಯಯನವೊಂದರಲ್ಲಿ ಎರಡೂವರೆ ವರ್ಷಕ್ಕೆ ಡೈಪರಿನ ಇಂಗಾಲದ ಹೊರೆ ಸುಮಾರು 550 ಕಿಲೋ, ಬಟ್ಟೆಯದು 570. ಆದರೆ ಯಂತ್ರ ತುಂಬುವಷ್ಟು ಒಟ್ಟಿಗೆ ಒಗೆದು, ಹೊರಗೆ ಒಣಗಿಸಿ, ಎರಡನೆಯ ಮಗುವಿಗೂ ಅದನ್ನೇ ಬಳಸಿದರೆ ಬಟ್ಟೆಯ ಹೊರೆ ಶೇ. 40ರಷ್ಟು ಇಳಿಯುತ್ತದೆ. ಬೇಸಗೆಯಲ್ಲಿ ಬೆಳ್ತಂಗಡಿಯ ಅಡಿಕೆ ಅಂಗಳಕ್ಕಿಂತ ಒಳ್ಳೆಯ ಒಣಗಿಸುವ ಜಾಗ ಬೇಕೆ?

ಆಟಿಯ ಮಳೆಯಲ್ಲಿ ಮಾತು ಬೇರೆ. ಬಚ್ಚಲ ಒಲೆಯ ಮೇಲೆ ಹರವಿದ ಬಟ್ಟೆ ಹೊಗೆ ಕುಡಿದು ಅರೆತೇವದಲ್ಲೇ ಉಳಿಯುವಾಗ ರಾತ್ರಿಗೊಂದು ಡೈಪರ್ ಹಾಕಿದರೆ ತಪ್ಪೇನಿಲ್ಲ. ಸೆಕೆಗಾಲದ ಮಧ್ಯಾಹ್ನಕ್ಕೆ ಬಟ್ಟೆಗಿಂತಲೂ ಮೇಲಾದದ್ದು ಒಂದಿದೆ: ಚಾವಡಿಯಲ್ಲಿ ಚಾಪೆ ಹಾಸಿ, ಅದರ ಮೇಲೆ ಹಳೆ ಸೀರೆಯ ಮಡಿಕೆ ಇಟ್ಟು, ಏನನ್ನೂ ಕಟ್ಟದೆ ಮಲಗಿಸಿದ ಮಗು ಕಾಲು ಬಡಿಯುತ್ತ ಆಡುತ್ತದೆ. ಒದ್ದೆಯಾದರೆ ಮಡಿಕೆ ಬದಲಿಸಿದರಾಯಿತು.