ಹೇಸರಗತ್ತೆಯೂ ಹೇರಿನ ಧರ್ಮವೂ

ಸಿಂಧನೂರಿನ ಸದ್ಗೃಹಸ್ಥರೊಬ್ಬರು ನಮಗೆ ಪತ್ರವನ್ನು ಬರೆದಿರುವರು. ವೃದ್ಧ ತಾಯಿಯವರನ್ನು ಕರೆದುಕೊಂಡು ಕೇದಾರಯಾತ್ರೆಗೆ ಹೊರಡುವ ಸಂಕಲ್ಪವು ಅವರದು. ಗೌರೀಕುಂಡದಿಂದ ಮುಂದೆ ಸುಮಾರು 16 ಕಿಲೋಮೀಟರು ಏರುದಾರಿ, ತಾಯಿಯವರು ನಡೆಯಲಾರರು. ಹೇಸರಗತ್ತೆಯ ಮೇಲೆ ಕುಳ್ಳಿರಿಸಿ ಕರೆದೊಯ್ಯಬಹುದೆ, ಮೂಕಪ್ರಾಣಿಗೆ ನೋವು ಕೊಟ್ಟು ಪಡೆದ ದರ್ಶನದಿಂದ ಪುಣ್ಯವುಂಟೆ, ಎಂಬುದು ಅವರ ಪ್ರಶ್ನೆಯು. ಪ್ರಶ್ನೆಯು ಒಬ್ಬರದಾದರೂ ಉತ್ತರವು ಅನೇಕರಿಗೆ ಉಪಯೋಗವಾದೀತೆಂದು ಭಾವಿಸಿ ಈ ತಿಂಗಳ ಬರಹವನ್ನು ಅದಕ್ಕೇ ಮೀಸಲಾಗಿಟ್ಟಿರುವೆವು.

ಮೊದಲು ಪ್ರಾಣಿಯ ವಿಚಾರ. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟಿದುದೇ ಹೇಸರಗತ್ತೆಯು. ಸಂಸ್ಕೃತದಲ್ಲಿ ಇದಕ್ಕೆ ಅಶ್ವತರವೆಂದೂ ವೇಸರವೆಂದೂ ಹೆಸರುಂಟು. ನಾಗರ, ದ್ರಾವಿಡ ಎರಡೂ ಬೆರೆತ ದೇವಾಲಯಗಳ ಶೈಲಿಗೆ ವೇಸರವೆಂಬ ಹೆಸರು ಈ ಪ್ರಾಣಿಯಿಂದಲೇ ಬಂದಿತೆಂದು ಕೆಲವು ವಿದ್ವಾಂಸರ ಅಭಿಪ್ರಾಯವು. ಛಾಂದೋಗ್ಯೋಪನಿಷತ್ತಿನಲ್ಲಿ ಜಾನಶ್ರುತಿಯು ಬ್ರಹ್ಮವಿದ್ಯೆಯನ್ನು ಬೇಡಿ ರೈಕ್ವನ ಬಳಿಗೆ ಹೋದಾಗ, ಆರುನೂರು ಹಸುಗಳೊಡನೆ ಹೆಣ್ಣು ಹೇಸರಗತ್ತೆಗಳನ್ನು ಹೂಡಿದ ರಥವೊಂದನ್ನೂ ಕಾಣಿಕೆಯಾಗಿ ಒಯ್ದನು. ಆದುದರಿಂದ ಇದು ಹಗುರಾಗಿ ಕಾಣತಕ್ಕ ಪ್ರಾಣಿಯಲ್ಲ. ತಾಯಿಯ ಮೈಕಟ್ಟು, ತಂದೆಯ ಸೈರಣೆ ಎರಡೂ ಇದಕ್ಕೆ ಬಂದಿರುವವು. ಪ್ರಾಯಶಃ ಸಂತಾನವೊಂದು ಮಾತ್ರ ಇಲ್ಲ. ಕುದುರೆಗೆ 64, ಕತ್ತೆಗೆ 62 ವರ್ಣತಂತುಗಳಿದ್ದು ಇದಕ್ಕೆ 63 ಬರುವದೇ ಅದರ ಕಾರಣವು.

ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯಲ್ಲಿ ಹೇಸರಗತ್ತೆಯು ಅಪರೂಪವೇ ಸರಿ. ಆದರೆ ಹೇರಿನ ವಿದ್ಯೆಯು ನಮಗೆ ಹೊಸತಲ್ಲ. ಈ ಸೀಮೆಯ ತಾಂಡಾಗಳಲ್ಲಿರುವ ಲಂಬಾಣಿಗಳ ಪೂರ್ವಿಕರು ಎತ್ತುಗಳ ಬೆನ್ನ ಮೇಲೆ ಕಂಟಲೆಗಳನ್ನು ಹೇರಿ ಕಾಳು, ಉಪ್ಪುಗಳನ್ನು ದೇಶದುದ್ದಕ್ಕೂ ಸಾಗಿಸುತ್ತಿದ್ದರು. ದಖ್ಖನಿಗೆ ಬಂದ ಮೊಗಲರ ದಂಡಿಗೂ ಅವರ ಎತ್ತುಗಳೇ ಅನ್ನವನ್ನು ತಂದವು. ಬಂಡಿಯ ರಸ್ತೆಗಳೂ ರೈಲೂ ಬಂದ ಮೇಲೆ ಆ ವೃತ್ತಿಯು ಮುರಿಯಿತು. ಅಗಸರ ಬಟ್ಟೆಯನ್ನೂ ಕುಂಬಾರರ ಮಣ್ಣನ್ನೂ ಹೊತ್ತ ಕತ್ತೆಗಳು ಮಾತ್ರ ಬಹುಕಾಲ ಉಳಿದವು. ತುಂಗಭದ್ರಾ ಎಡದಂಡೆಯ ಕಾಲುವೆಯ ನೀರು ಬಂದು ಸಿಂಧನೂರಿನ ಸುತ್ತ ಭತ್ತದ ಗದ್ದೆಗಳಾಗಿ, ಟ್ರ್ಯಾಕ್ಟರುಗಳು ಹೆಚ್ಚಿದ ಮೇಲೆ ಅವುಗಳೂ ವಿರಳವಾದವು.

ಇಲ್ಲಿ ನಮ್ಮ ತಪ್ಪೊಂದನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿರುವದು. ಮೂವತ್ತು ವರ್ಷಗಳ ಹಿಂದೆ ನಾವು ಮಸ್ಕಿಯ ಸಮೀಪದ ಹಳ್ಳಿಯೊಂದರಲ್ಲಿ ಮಾಸ್ತರರಾಗಿದ್ದೆವು. ಐದನೆಯ ಇಯತ್ತೆಯಲ್ಲಿ ಒಬ್ಬ ಹುಡುಗನು ವಾರದಲ್ಲಿ ಮೂರು ದಿನ ಬಂದರೆ ಮೂರು ದಿನ ಬರುತ್ತಿರಲಿಲ್ಲ. ವಿದ್ಯೆಗೆ ಬೆತ್ತವೇ ಮದ್ದೆಂದು ನಂಬಿದ್ದ ಪ್ರಾಯವು ನಮ್ಮದು. ಒಂದು ದಿನ ಅವನ ಅಂಗೈಗೆ ಬಲವಾಗಿಯೇ ಕೊಟ್ಟೆವು. ಅವನು ಅಳಲಿಲ್ಲ, ಮರುದಿನದಿಂದ ಶಾಲೆಗೇ ಬರಲಿಲ್ಲ.

ವಾರ ಕಳೆದ ಮೇಲೆ ಹುಡುಕಿಕೊಂಡು ಹೋದೆವು. ಊರ ಹೊರಗಿನ ಗುಡ್ಡದ ಮೇಲೆ ಗುಡಿಯೊಂದರ ಜೀರ್ಣೋದ್ಧಾರವು ನಡೆದಿತ್ತು. ಬಂಡಿಯು ಏರದ ಕಲ್ಲುದಾರಿ. ಉಸುಕೆಲ್ಲವೂ ಕತ್ತೆಗಳ ಮೇಲೆಯೇ ಹೋಗಬೇಕು. ಬುಡದಲ್ಲಿ ಹುಡುಗನೂ ಅವನ ಅಜ್ಜನೂ ಹೇರು ಕಟ್ಟುತ್ತಿದ್ದರು. ಅಜ್ಜನು ಎರಡು ಚೀಲಗಳನ್ನೂ ಒಂದೊಂದು ಕೈಯಲ್ಲಿ ಎತ್ತಿ ತೂಗಿ, ಸಮವಾದ ಮೇಲೆಯೇ ಕತ್ತೆಯ ಮೇಲಿಡುವನು. ಕೆಳಗೆ ಹಾಸಿದ ಗೋಣಿಯಲ್ಲಿ ಒಂದು ಮಡಿಕೆಯಿದ್ದರೂ ಬಿಚ್ಚಿ ಸರಿಪಡಿಸುವನು. ಗಂಟನ್ನು ಹಾಕುವ ಕೆಲಸವು ಹುಡುಗನದು. ನಾವು ಹೊಡೆದ ಅದೇ ಕೈಗಳು ಎಷ್ಟು ಚೊಕ್ಕವಾಗಿ ಗಂಟು ಹಾಕುತ್ತಿದ್ದವೆಂದರೆ, ನೋಡುತ್ತ ನಿಂತೆವು.

ಸಾಲಿನಲ್ಲಿ ಒಂದು ಎಳೆಯ ಕತ್ತೆಯು ಹೊಸದಾಗಿ ಕಲಿಯುತ್ತಿದ್ದಿತು. ಮೊದಲ ಕೆಲವು ದಿನ ಬರಿಯ ಗೋಣಿಯನ್ನು ಹೊದಿಸಿ, ಆ ಮೇಲೆ ಹೊಟ್ಟಿನ ಚೀಲಗಳನ್ನು ಹೇರಿ, ಹಳೆಯ ಹೆಣ್ಣುಕತ್ತೆಯ ಹಿಂದೆ ನಡೆಯಿಸಿದ್ದರಂತೆ. ಅಂದು ಮೊದಲ ಸಲ ಅರೆಚೀಲ ಉಸುಕು. ನಡುದಾರಿಯಲ್ಲಿ ಅದು ನಿಂತುಬಿಟ್ಟಿತು. ‘ಒಂದೇಟು ಹಾಕಬಾರದೆ?’ ಎಂದೆವು. ಅಜ್ಜನು ಉತ್ತರ ಕೊಡದೆ ಬಾಗಿ, ಅದರ ಮುಂದಿನ ಕಲ್ಲನ್ನು ಕೈಯಿಂದ ಅಲುಗಿಸಿದನು. ಕಲ್ಲು ಉರುಳಿ ಕೆಳಗೆ ಹೋಯಿತು. ಕತ್ತೆಯು ತಾನಾಗಿ ನಡೆಯಿತು. ಆಗ ಅವನು ಹೇಳಿದನು: ‘ಮಾಸ್ತರ್ರ, ಹೊಡದ್ರ ಅದು ದಾರಿ ಕಲಿಯಂಗಿಲ್ರಿ, ಬಡಿಗೀನಷ್ಟ ಕಲೀತೈತಿ.’

ಮೊಮ್ಮಗನ ಮಾತನ್ನು ಅವನು ಎತ್ತಲೇ ಇಲ್ಲ. ಎತ್ತುವ ಅವಶ್ಯಕತೆಯೂ ಇರಲಿಲ್ಲ. ನಾವು ಹುಡುಗನಿಗೆ ಬೆಳಗಿನ ಹೊತ್ತಾದರೂ ಬಾ ಎಂದು ಹೇಳಿ ಬಂದೆವು. ಅವನು ಬಂದನು, ಏಳನೆಯ ಇಯತ್ತೆಯವರೆಗೆ ಓದಿದನು, ಅನಂತರ ದುಡಿಮೆಗೆ ಹೋದನು. ಆ ಎರಡು ವರ್ಷವೂ ಅವನು ನಮ್ಮೆದುರು ಲೆಕ್ಕ ಮಾಡುವಾಗ ಎಡಗೈಯನ್ನು ಬೆನ್ನ ಹಿಂದೆಯೇ ಇಟ್ಟುಕೊಳ್ಳುತ್ತಿದ್ದನು. ನಮ್ಮಿಂದ ಅವನು ಕಲಿತದ್ದು ಅದು.

ಬೆಟ್ಟಗಳಲ್ಲಿ ಹೇಸರಗತ್ತೆಯನ್ನು ಪಳಗಿಸುವ ಕ್ರಮವೂ ಇದೇ ಬಗೆಯದು. ಮರಿಯಾಗಿರುವಾಗಲೇ ಮೈ ತಡವಿ, ಕಾಲೆತ್ತಿ ಗೊರಸನ್ನು ಮುಟ್ಟಿ, ಮನುಷ್ಯರ ಕೈಯ ಪರಿಚಯ ಮಾಡಿಸುವರು. ಎಲುಬು ಬಲಿತ ಮೇಲೆ ಬರಿಯ ಹಲ್ಲಣ, ಬಳಿಕ ಹಗುರಾದ ಹೇರು, ಕಡೆಗೆ ಪೂರ್ಣ ಹೇರು. ಹೇಸರಗತ್ತೆಗಳಿಗೆ ಹೆಣ್ಣು ಕುದುರೆಯ ಮೇಲೆ ಬಹಳ ಅಕ್ಕರೆಯಾದುದರಿಂದ, ಕೊರಳಗಂಟೆಯ ಕುದುರೆಯೊಂದನ್ನು ಮುಂದೆ ಬಿಟ್ಟು ಸಾಲನ್ನು ನಡೆಯಿಸುವ ರೂಢಿಯು ಹಲವು ದೇಶಗಳಲ್ಲಿತ್ತು. ಜನರು ಇದರ ಹಟವೆಂದು ಬೈಯುವದು ಬಹುಮಟ್ಟಿಗೆ ಇದರ ಎಚ್ಚರಿಕೆಯು: ಕಾಲು ನಿಲ್ಲದ ಕಡೆ ಕಾಲಿಡದು. ನಮ್ಮ ಸೈನ್ಯದ ಪೆಡೋಂಗಿಯೆಂಬ ಹೇಸರಗತ್ತೆಯು 1971ರ ಯುದ್ಧದಲ್ಲಿ ಶತ್ರುಗಳ ವಶವಾಗಿ, ಬೆನ್ನ ಮೇಲಿನ ಹೇರಿನೊಡನೆ ತಾನಾಗಿಯೇ ನಮ್ಮವರ ಬಳಿಗೆ ಮರಳಿತು. ಬಡಿಗೆಯ ಭಯದಿಂದ ನಡೆಯುವ ಪ್ರಾಣಿಯು ಬಡಿಗೆಯಿಲ್ಲದ ಕಡೆ ಹೀಗೆ ಮರಳುವದೆ?

2018ರಲ್ಲಿ ನಾವೂ ಕುಟುಂಬಸಮೇತ ಕೇದಾರಕ್ಕೆ ಹೋಗಿದ್ದೆವು. ನಮ್ಮ ಮನೆಯವರ ಮಂಡಿನೋವಿಗಾಗಿ ಒಂದು ಹೇಸರಗತ್ತೆಯನ್ನು ಗೊತ್ತುಮಾಡಿದೆವು. ಅಜ್ಜನ ನೆನಪಾಗಿ, ಹಲ್ಲಣವನ್ನು ಒಮ್ಮೆ ಇಳಿಸಿರೆಂದೆವು. ಕೆಳಗೆ ಅಂಗೈಯಗಲದ ಹಸಿ ಹುಣ್ಣು. ಬಾಡಿಗೆಯನ್ನು ನಡೆಯಿಸುವವನ ಕೈಯಲ್ಲಿಯೇ ಬಿಟ್ಟು, ಹತ್ತುವದಿಲ್ಲವೆಂದೆವು. ಮನೆಯವರನ್ನು ಡೋಲಿಯಲ್ಲಿ ಕರೆದೊಯ್ದೆವು. ತಿರುಗಿ ನೋಡುವಷ್ಟರಲ್ಲಿ ಅದೇ ಹಲ್ಲಣದ ಮೇಲೆ ಬೇರೊಬ್ಬ ಯಾತ್ರಿಕರು ಕುಳಿತಿದ್ದರು. ಪುಣ್ಯವು ನಮ್ಮಲ್ಲಿ ಉಳಿಯಿತೋ ಇಲ್ಲವೋ, ಹುಣ್ಣಂತೂ ಅದರಲ್ಲಿಯೇ ಉಳಿಯಿತು. ಒಬ್ಬರು ಒಲ್ಲೆನೆಂದರೆ ಸಾಲದು, ಎಲ್ಲರೂ ಕೇಳಬೇಕು. ಈ ಬರಹಕ್ಕೆ ಅದೇ ಮುಖ್ಯ ಕಾರಣವು.

ಪತ್ರ ಬರೆದ ಮಹನೀಯರೇ, ತಾಯಿಯವರನ್ನು ಅವಶ್ಯವಾಗಿ ಕರೆದೊಯ್ಯಿರಿ. ಆದರೆ ಹಣ ಕೊಡುವ ಮೊದಲು ಹಲ್ಲಣವನ್ನು ಇಳಿಸಿ ಬೆನ್ನು, ಹೆಗಲು, ಹೊಟ್ಟೆಪಟ್ಟಿಯ ಜಾಗಗಳನ್ನು ನೋಡಿರಿ. ನಾಲ್ಕು ಹೆಜ್ಜೆ ನಡೆಯಿಸಿ ಕುಂಟುವದೋ ಎಂದು ಪರೀಕ್ಷಿಸಿರಿ. ಗಂಟುಮೂಟೆಯನ್ನು ಒಂದೇ ಮಗ್ಗುಲಿಗೆ ತೂಗಹಾಕಬೇಡಿರಿ. ನೀರಿರುವಲ್ಲಿ ನಿಲ್ಲಿಸಿ, ಪ್ರಾಣಿಯು ಕುಡಿದ ಮೇಲೆಯೇ ಮುಂದೆ ಹೊರಡಿರಿ. ನಡೆಯಬಲ್ಲವರು ಇಳಿಜಾರಿನಲ್ಲಿ ಇಳಿದು ನಡೆಯತಕ್ಕದ್ದು. 1965ರ ಭಾರವಾಹಕ ಪ್ರಾಣಿಗಳ ನಿಯಮಗಳಂತೆ ಹೇಸರಗತ್ತೆಗೆ 200, ತಟ್ಟುಗುದುರೆಗೆ 70, ಕತ್ತೆಗೆ 50 ಕಿಲೋಗ್ರಾಮು ಪರಮಾವಧಿಯು. ಕಡಿದಾದ ದಾರಿಯಲ್ಲಿ ಅದಕ್ಕೂ ಕಡಿಮೆಯಿರುವದೇ ಲೇಸು. ನಮ್ಮ ಗಾತ್ರದ ಗೃಹಸ್ಥರು ತಟ್ಟನ್ನು ಹತ್ತುವ ಮುಂಚೆ ತೂಕದ ಯಂತ್ರವನ್ನು ಹತ್ತುವದು ಒಳ್ಳೆಯದು. ದಿನಕ್ಕೆ 9 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಕೂಡದು. ಉಷ್ಣವು 37 ಡಿಗ್ರಿ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಬಾರದು. ಇದು ನಮ್ಮ ರಾಯಚೂರಿನ ಬೇಸಿಗೆಗೂ, ನಮ್ಮ ಬಂಡಿಯ ಎತ್ತುಗಳಿಗೂ ಸಲ್ಲತಕ್ಕ ಮಾತು.

1915ರಲ್ಲಿ ಬೀಡನ್ ಎಂಬ ಗಣಿತಜ್ಞನಲ್ಲದ ಗಣಿಯ ಎಂಜಿನಿಯರನು ಚಿನ್ನವನ್ನು ಹುಡುಕುತ್ತ ಬಂದು ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಾಸನವನ್ನು ಕಂಡನು. ಧರ್ಮದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ಸಾಧ್ಯವೆಂಬುದು ಅದರ ತಾತ್ಪರ್ಯವು. ಅದೇ ಅರಸನು ಗಿರಿನಾರ ಮೊದಲಾದೆಡೆಯ ಶಾಸನಗಳಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದುದನ್ನೂ ದಾರಿಗಳಲ್ಲಿ ಬಾವಿಗಳನ್ನು ತೋಡಿಸಿದುದನ್ನೂ ಹೇಳಿಕೊಂಡಿರುವನು. ಆ ಶಾಸನವನ್ನು ನಾವು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದೆವು; ಅದರ ಅರ್ಥವನ್ನು ನಮಗೆ ಹೇಳಿಕೊಟ್ಟವನು ಅಕ್ಷರವನ್ನೇ ಅರಿಯದ, ಉಸುಕಿನ ಚೀಲಗಳನ್ನು ಎರಡು ಕೈಗಳಲ್ಲಿ ತೂಗಿ ಸಮಮಾಡುತ್ತಿದ್ದ ಆ ಅಜ್ಜನು.