ಆಲಂಪುರಕ್ಕೆ ಯಾವ ದಾರಿ?

1953ರಿಂದ 1956ರವರೆಗೆ ಆಂಧ್ರ ರಾಜ್ಯದ ರಾಜಧಾನಿಯಾಗಿದ್ದ ಕರ್ನೂಲಿನ ಸಮೀಪ, ತುಂಗಭದ್ರೆಯ ದಡದಲ್ಲಿ ಆಲಂಪುರವಿದೆ. ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ದೇವಾಲಯಗಳು ಅಲ್ಲಿವೆ. ಹೆಸರು ಬ್ರಹ್ಮನದಾದರೂ ಒಂಬತ್ತೂ ಶಿವಾಲಯಗಳೇ. ನಾರಾಯಣಪೇಟೆ, ಮಕ್ತಲ್ ಕಡೆಯ ಕುಟುಂಬಗಳು ಜೋಗುಲಾಂಬಾ ದೇವಿಯ ದರ್ಶನಕ್ಕೆ ಅಲ್ಲಿಗೆ ಹೋಗುವುದುಂಟು. ಕನ್ನಡ ಶಾಲೆಯ ಮಕ್ಕಳು ನೋಡಲೇಬೇಕಾದುದು ಇನ್ನೊಂದಿದೆ: ಚಾಲುಕ್ಯರ ಕಾಲದ ಕನ್ನಡ ಶಾಸನಗಳು.

ನಾರಾಯಣಪೇಟೆಯವರು ಮಕ್ತಲ್‌ಗೆ ಬಂದು, ಅಲ್ಲಿಂದ ಆತ್ಮಕೂರು, ಜೂರಾಲ ಅಣೆಕಟ್ಟೆಯ ಮಾರ್ಗವಾಗಿ ಗದ್ವಾಲ್ ಸೇರಬಹುದು. ಮುಂದೆ ಎರಡು ದಾರಿಗಳಿವೆ. ಮೊದಲನೆಯದು ಕರ್ನೂಲಿನತ್ತ ಹೋಗುವ ರೈಲು. ಆದರೆ ಆಲಂಪುರಕ್ಕೆ ಹತ್ತಿರದ ಜೋಗುಲಾಂಬಾ ಹಾಲ್ಟ್‌ನಲ್ಲಿ ಎಲ್ಲ ಗಾಡಿಗಳೂ ನಿಲ್ಲುವುದಿಲ್ಲ. ನಿಲ್ಲದ ಗಾಡಿ ಹತ್ತಿದರೆ ನದಿ ದಾಟಿ ಕರ್ನೂಲಿಗೆ ಹೋಗಿ ಹಿಂದಿರುಗಬೇಕಾದೀತು. ಎರಡನೆಯದು ಬಸ್ಸು. 2023ರ ಡಿಸೆಂಬರ್ 9ರಿಂದ ತೆಲಂಗಾಣದೊಳಗೆ ಪಲ್ಲೆ ವೆಲುಗು ಹಾಗೂ ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೂ ಬಾಲಕಿಯರಿಗೂ ಪ್ರಯಾಣ ಉಚಿತ. ಗುರುತಿನ ಚೀಟಿ ಜೊತೆಗಿರಬೇಕು. ಈ ಸೌಲಭ್ಯ ರಾಜ್ಯದ ಗಡಿಯವರೆಗೆ ಮಾತ್ರ. ಆದುದರಿಂದ ಮಕ್ಕಳೊಡನೆ ಹೊರಡುವ ತಾಯಂದಿರಿಗೆ ಗದ್ವಾಲಿನಿಂದ ಬಸ್ಸೇ ಮೇಲು. ಹೈದರಾಬಾದಿನಿಂದ ಬರುವ ಬಂಧುಗಳು 44ನೆಯ ರಾಷ್ಟ್ರೀಯ ಹೆದ್ದಾರಿಯ ಆಲಂಪುರ ಚೌರಸ್ತಾದಲ್ಲಿ ಇಳಿಯಬಹುದು. ಮರಳುವ ಬಸ್ಸಿನ ವೇಳೆಯನ್ನು ಇಳಿದೊಡನೆಯೇ ವಿಚಾರಿಸಿಕೊಳ್ಳುವುದು ಒಳಿತು.

ಶಾಸನದ ಹಳೆಯ ಲಿಪಿಯನ್ನು ಮಕ್ಕಳು ಸರಾಗವಾಗಿ ಓದಲಾರರು. ಒಂದೆರಡು ಅಕ್ಷರಗಳನ್ನು ತಾವೇ ಗುರುತಿಸಿದರೂ ಸಾಕು. ತೆಲುಗು ನಾಡಿನಲ್ಲಿ ಕನ್ನಡವನ್ನೇಕೆ ಕಲಿಯಬೇಕೆಂದು ಕೇಳುವವರಿಗೆ ಆ ಕಲ್ಲುಗಳಲ್ಲಿ ಉತ್ತರವಿದೆ: ಇಲ್ಲಿ ಕನ್ನಡ ನಿನ್ನೆ ಬಂದ ಅತಿಥಿಯಲ್ಲ.